ಒಂದಿಂಚು ಬಾಗಿಲಿನ ಸ್ಟೇಷನ್ನಿಗೆ ಬೆಲೆ ಎಷ್ಟು?

ಹಳೆಯ ಪಾಸ್‌ಬುಕ್ಕುಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಒಂದು ಏಳನೇ ತರಗತಿಯ ಹುಡುಗಿಯದು. ರಟ್ಟು, ಐಸ್‌ಕ್ರೀಂ ಕಡ್ಡಿ, ಬೆಂಕಿಪೊಟ್ಟಣ ಸೇರಿಸಿ ಅವಳು ಒಂದು ಪುಟ್ಟ ರೈಲ್ವೆ ಸ್ಟೇಷನ್ ಮಾಡಿದ್ದಾಳೆ. ಶಾಲೆಯ ವಸ್ತುಪ್ರದರ್ಶನಕ್ಕೆ ಬಂದ ಯಾರೋ ಅದನ್ನು ನೋಡಿ, "ಎಷ್ಟಕ್ಕೆ ಕೊಡ್ತೀಯಮ್ಮಾ?" ಎಂದರಂತೆ. "ತಾತ, ನನಗೆ 70 ರೂಪಾಯಿ ಖರ್ಚಾಗಿದೆ. 100 ರೂಪಾಯಿಗೆ ಕೊಟ್ಟರೆ 30 ರೂಪಾಯಿ ಲಾಭ, ಸರಿ ತಾನೆ? ಇಂಥದ್ದನ್ನು ಮಾಡಿ ಆನ್‌ಲೈನಿನಲ್ಲಿ ಮಾರಬಹುದಾ?" ಎಂದು ಕೇಳಿದ್ದಾಳೆ.

ಲೆಕ್ಕ ಸರಿಯಿಲ್ಲ ಪುಟ್ಟಿ. ಆದರೆ ಇದೇ ಲೆಕ್ಕವನ್ನು ನನ್ನ ಮುಂದೆ ಇಟ್ಟ ಇನ್ನೊಬ್ಬರಿಗೆ ಆಗ 78 ವರ್ಷ ಎಂದರೆ ನಿನಗೆ ಸಮಾಧಾನವಾದೀತು. ಈ ವಾರ ಅವರ ಕಥೆ. ನಡೆದದ್ದು ಅಮೆರಿಕದಲ್ಲಿ. ಮಾದರಿ ರೈಲಿನ ಪಕ್ಕದಲ್ಲಿ ಇಡಲು ಮನೆ, ಸ್ಟೇಷನ್, ಗೂಡ್ಸ್ ಶೆಡ್ಡುಗಳನ್ನು ಕೈಯಲ್ಲಿ ಕಟ್ಟಿ ಮಾರುವ ಕಸುಬಿಗೆ ಅಲ್ಲಿ ದೊಡ್ಡ ಬಳಗವೇ ಇದೆ. ಮಾದರಿ ರೈಲಿನವರಿಗೆಂದೇ ಅಲ್ಲಿ 1934ರಲ್ಲಿ ಮಾಸಪತ್ರಿಕೆ ಶುರುವಾಯಿತು, 1935ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮಲ್ಲಿ ಈ ಹುಚ್ಚಿನವರು ಕಡಿಮೆ. ಪುಣೆಗೆ ಹೋದವರು ಅಲ್ಲಿನ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ನೋಡಿ ಬರಬಹುದು.

2023ರಲ್ಲಿ ನಾನೂ ನಮ್ಮಾಕೆಯೂ ಆರು ತಿಂಗಳು ಮಗಳ ಮನೆಯಲ್ಲಿದ್ದೆವು. ಪೆನ್ಸಿಲ್ವೇನಿಯಾ ರಾಜ್ಯ, ಲ್ಯಾಂಕಾಸ್ಟರ್ ಊರಿನ ಪಕ್ಕ. ಅಮೆರಿಕಕ್ಕೆ ಹೋಗಿ ಬಂದ ನನ್ನ ವಯಸ್ಸಿನವರಿಗೆ ಅಲ್ಲಿನ ದಿನಚರಿ ಗೊತ್ತು. ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿ. ಕಾರು ಬಿಡಲು ಬಾರದು. ರಸ್ತೆಗೆ ಇಳಿದರೆ ಮಾತನಾಡಿಸಲು ಅಳಿಲುಗಳು ಮಾತ್ರ. ಹಾಗೆ ನಡೆಯುವಾಗ ಮೂರನೇ ಮನೆಯ ಗ್ಯಾರೇಜಿನಲ್ಲಿ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಕೂತಿರುವುದು ಕಾಣುತ್ತಿತ್ತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರು. ನಾಲ್ಕನೇ ದಿನ ಅವರೇ ಕೈಬೀಸಿ ಕರೆದರು.

ಆ ಸೀಮೆಯೇ ರೈಲಿನ ಸೀಮೆ. ಹತ್ತಿರದ ಸ್ಟ್ರಾಸ್‌ಬರ್ಗಿನಲ್ಲಿ 1832ರಲ್ಲಿ ಸ್ಥಾಪನೆಯಾದ ರೈಲು ಕಂಪನಿ ಇವತ್ತಿಗೂ ಉಗಿಬಂಡಿ ಓಡಿಸುತ್ತದೆ. ಅದರ ಎದುರಿಗೇ ರಾಜ್ಯದ ರೈಲ್ವೆ ಮ್ಯೂಸಿಯಂ, ಅಲ್ಲೇ ಸಮೀಪದಲ್ಲಿ ಆಟದ ರೈಲುಗಳಿಗೇ ಒಂದು ಮ್ಯೂಸಿಯಂ. ಹಾಗಿದ್ದ ಮೇಲೆ ಗ್ಯಾರೇಜಿಗೊಂದು ಸ್ಟೇಷನ್ ಇರುವುದರಲ್ಲಿ ಆಶ್ಚರ್ಯವಿಲ್ಲ.

ಅವರ ಮೇಜಿನ ಮೇಲಿದ್ದದ್ದು ಒಂದು ಗೂಡ್ಸ್ ಶೆಡ್. ನನ್ನ ಅಂಗೈಯಷ್ಟಗಲ. ಮರದ ಹಲಗೆಯ ಗೋಡೆ, ಒಂದೊಂದು ಹಲಗೆಯ ತುದಿಯಲ್ಲೂ ಸೂಜಿಮೊನೆಯಿಂದ ಚುಚ್ಚಿದ ಮೊಳೆಯ ಗುರುತು! ಸೂರಿಗೆ ಕಾಗದದ ಪಟ್ಟಿಯನ್ನು ಸಣ್ಣಗೆ ಕತ್ತರಿಸಿ ಸಾಲುಸಾಲಾಗಿ ಅಂಟಿಸಿದ ಹೆಂಚು. ಹೊಸ ಮರ ಹಳೆಯದಾಗಿ ಕಾಣಬೇಕಲ್ಲ, ಅದಕ್ಕೆ ಸ್ಪಿರಿಟ್ಟಿನಲ್ಲಿ ನಾಲ್ಕು ಹನಿ ಕಪ್ಪು ಮಸಿ ಬೆರೆಸಿ ಬಳಿಯುತ್ತಾರೆ. ಐವತ್ತು ವರ್ಷ ಮಳೆ ಬಿಸಿಲು ತಿಂದ ಹಲಗೆಯ ಬೂದು ಬಣ್ಣ ಬಂದುಬಿಡುತ್ತದೆ. ಆ ಮಸಿಗೆ ಅವರ ಹೆಸರು ಇಂಡಿಯಾ ಇಂಕ್. "ನಿಮ್ಮೂರಿನದು" ಎಂದು ಸೀಸೆ ತೋರಿಸಿ ನಕ್ಕರು. ಕಾಡಿಗೆಯಿಂದ ಮಾಡುವ ಈ ಮಸಿ ಚೀನಾದಲ್ಲೂ ಬಹಳ ಹಿಂದಿನಿಂದ ಇತ್ತು, ಹೆಸರು ಮಾತ್ರ ನಮ್ಮದಾಯಿತು. ತುಕ್ಕು ಮತ್ತು ಧೂಳಿಗೆ ಬಣ್ಣದ ಸೀಮೆಸುಣ್ಣದ ಪುಡಿ.

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಮಾಡೋಣ. ಅವರು ಕಟ್ಟುವ ಅಳತೆಗೆ ಎಚ್‌ಒ ಎನ್ನುತ್ತಾರೆ. ಒ ಎಂಬ ದೊಡ್ಡ ಅಳತೆಯ ಅರ್ಧ, ಅದಕ್ಕೇ ಆ ಹೆಸರು. ನಿಜವಾದ ವಸ್ತುವಿನ 87ನೇ ಒಂದು ಪಾಲು. ಸುಲಭವಾಗಿ ಹೇಳಬೇಕೆಂದರೆ, ನಿಜದ 1 ಅಡಿ ಅಲ್ಲಿ 3.5 ಮಿಲಿಮೀಟರ್. 7 ಅಡಿಯ ಬಾಗಿಲು 24.5 ಮಿಲಿಮೀಟರ್, ಒಂದಿಂಚಿಗೆ ಕೂದಲೆಳೆಯಷ್ಟು ಕಡಿಮೆ. 6 ಅಡಿಯ ಸ್ಟೇಷನ್ ಮಾಸ್ಟರು 21 ಮಿಲಿಮೀಟರ್. ಅಮೆರಿಕದ ರೈಲುಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ 16.5. ನಮ್ಮ ಬ್ರಾಡ್‌ಗೇಜ್ 1676. ಅದನ್ನೂ ಭಾಗಿಸಿ ನೋಡಿ, ನಮ್ಮ ರೈಲು ಅವರ ಆಟದ ಹಳಿಯ ಮೇಲೆ ಯಾಕೆ ಕೂರುವುದಿಲ್ಲ ಎಂದು ಗೊತ್ತಾಗುತ್ತದೆ. ಇದಕ್ಕಿಂತ ಚಿಕ್ಕದು ಎನ್ ಅಳತೆ, 160ರಲ್ಲಿ ಒಂದು ಪಾಲು. ಮಾರುವವರು ಯಾವ ಅಳತೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಕೊಂಡವರ ರೈಲು ಸ್ಟೇಷನ್ನಿಗಿಂತ ಎತ್ತರವಾಗಿ ಪೆಟ್ಟಿಗೆ ವಾಪಸು ಬರುತ್ತದೆ.

ಆ ಗೂಡ್ಸ್ ಶೆಡ್ಡನ್ನು ಅವರು ಎಟ್ಸಿ ಎಂಬ ಆನ್‌ಲೈನ್ ಸಂತೆಯಲ್ಲಿ 45 ಡಾಲರಿಗೆ ಮಾರುತ್ತಿದ್ದರು. ಆಗ ಡಾಲರಿಗೆ ಸುಮಾರು 82 ರೂಪಾಯಿ. ನಮ್ಮಾಕೆ ಮನಸ್ಸಿನಲ್ಲೇ ಗುಣಿಸಿ, "ಬೊಂಬೆ ಮನೆಗೆ ಮೂರೂ ಮುಕ್ಕಾಲು ಸಾವಿರವೇ!" ಎಂದು ಕನ್ನಡದಲ್ಲಿ ಉದ್ಗರಿಸಿದಳು. ನಾನು ಗುಣಿಸಲಿಲ್ಲ. ಅಲ್ಲಿ ದುಡಿದು ಅಲ್ಲಿ ಉಣ್ಣುವವರ ಲೆಕ್ಕವನ್ನು ಅಲ್ಲಿನ ಕಾಸಿನಲ್ಲೇ ಮಾಡಬೇಕು.

"ಸಾಮಾನಿಗೆ 11 ಡಾಲರ್ ಖರ್ಚು. 34 ಉಳಿಯಿತಲ್ಲ" ಎಂದರು ಅಜ್ಜ.

ಬ್ಯಾಂಕಿನಲ್ಲಿ ನಾನು ಬಹಳ ಕಾಲ ಸಾಲದ ವಿಭಾಗದಲ್ಲಿದ್ದೆ. ಮಡಕೆ ಮಾಡುವವರು, ಊದುಬತ್ತಿ ಹೊಸೆಯುವವರು, ಬುಟ್ಟಿ ಹೆಣೆಯುವವರು ಬರುತ್ತಿದ್ದರು. ಅವರು ಹೇಳಿದಂತೆ ಅರ್ಜಿ ತುಂಬುವಾಗ ಕಚ್ಚಾ ಮಾಲಿನ ಅಂಕಣ ಪೂರಾ ತುಂಬುತ್ತಿತ್ತು, ಕೂಲಿಯ ಅಂಕಣ ಖಾಲಿ. "ಕೂಲಿ ಯಾರಿಗೆ ಸ್ವಾಮಿ? ನಾನು, ನಮ್ಮೋಳು, ಮಕ್ಕಳು ಮಾಡ್ತೀವಿ" ಎನ್ನುತ್ತಿದ್ದರು. ಅವರ ಲಾಭ ಎಂಬುದೆಲ್ಲ ಆ ಖಾಲಿ ಅಂಕಣದಲ್ಲಿ ಅಡಗಿರುತ್ತಿತ್ತು. ಸಾವಿರಾರು ಮೈಲಿ ಆಚೆ, ಹವಾನಿಯಂತ್ರಿತ ಗ್ಯಾರೇಜಿನಲ್ಲಿ, ಅದೇ ಖಾಲಿ ಅಂಕಣ ಕಂಡಿತು.

"ಎಷ್ಟು ಗಂಟೆ ಹಿಡಿಯುತ್ತದೆ?" ಎಂದು ಕೇಳಿದೆ. ಗೊತ್ತಿರಲಿಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ, ಕೂತಾಗ ಎದ್ದಾಗ ಸಮಯ ಬರೆಯಿರಿ ಎಂದೆ. ಮುಂದಿನ ಶೆಡ್ಡಿಗೆ ಬಂದ ಲೆಕ್ಕ 14 ಗಂಟೆ. ಅದರಲ್ಲಿ 10 ಅಜ್ಜನದು, 4 ಮೊಮ್ಮಗಳದು.

ಮೊಮ್ಮಗಳನ್ನು ಆಗಲೇ ನಾನು ನೋಡಿದ್ದು. 17 ವರ್ಷ, ಹೈಸ್ಕೂಲಿನ ಕೊನೆಯ ವರ್ಷ. ಕಿಟಕಿಯ ಚೌಕಟ್ಟುಗಳಿಗೆ ಬಣ್ಣ ಹಚ್ಚುವುದು, ಬೋರ್ಡುಗಳ ಮೇಲೆ ಅಕ್ಷರ ಬರೆಯುವುದು ಅವಳ ಕೆಲಸ. ಅಜ್ಜನ ಬಲಗೈ ನಡುಗಲು ಶುರುವಾಗಿತ್ತು, ಕೂದಲಿನಂಥ ಗೆರೆ ಅವರಿಂದ ಆಗುತ್ತಿರಲಿಲ್ಲ. ಶನಿವಾರ ಭಾನುವಾರ ಅವಳು ದಿನಸಿ ಅಂಗಡಿಯಲ್ಲಿ ಗಂಟೆಗೆ 11 ಡಾಲರಿಗೆ ದುಡಿಯುತ್ತಿದ್ದಳು. ಕಾಲೇಜಿಗೆ ಹಣ ಸೇರಿಸಬೇಕು, ಇನ್ನು ವಾರದ ಸಂಜೆಗಳಲ್ಲೂ ಅಂಗಡಿಗೆ ಹೋಗುತ್ತೇನೆ ಎಂದು ಆಗಷ್ಟೇ ಮನೆಯಲ್ಲಿ ಹೇಳಿದ್ದಳಂತೆ. ಅಜ್ಜ ಅವಳ ಮುಂದೆ ಏನೂ ಹೇಳಲಿಲ್ಲ. ಅವಳು ಒಳಗೆ ಹೋದ ಮೇಲೆ, "ಅವಳು ಬಾರದಿದ್ದರೆ ಈ ಮೇಜು ಮುಚ್ಚಿದಂತೆ" ಎಂದರು. ಅಲ್ಲಿಯವರೆಗೆ ಇದೊಂದು ಕಾಲಕ್ಷೇಪದ ಲೆಕ್ಕ ಎಂದುಕೊಂಡಿದ್ದೆ. ಆ ಮಾತಿನ ಮೇಲೆ ಪೆನ್ನನ್ನು ಸರಿಯಾಗಿ ಹಿಡಿದೆ.

ಸಂತೆಯ ಸುಂಕದಿಂದ ಶುರು. ಎಟ್ಸಿಯಲ್ಲಿ ಒಂದು ವಸ್ತುವನ್ನು ಪಟ್ಟಿ ಮಾಡಲು 20 ಸೆಂಟು, ನಾಲ್ಕು ತಿಂಗಳಿಗೆ. ಮಾರಾಟವಾದರೆ ಬೆಲೆಯ ಮೇಲೆ ಶೇಕಡಾ 6.5 ಕಮಿಷನ್. 2022ರ ಏಪ್ರಿಲ್ಲಿಗೆ ಮೊದಲು ಅದು 5 ಇತ್ತು, ಏರಿಸಿದಾಗ ಮಾರುವವರು ಮುಷ್ಕರವನ್ನೇ ಹೂಡಿದ್ದರು. ಹಣ ಜಮಾ ಮಾಡಿಕೊಡುವುದಕ್ಕೆ ಶೇಕಡಾ 3 ಮತ್ತು 25 ಸೆಂಟು ಬೇರೆ. ಬಹಳ ಜನ ಗಮನಿಸದ ವಿಷಯ ಒಂದಿದೆ. ಈ ಶೇಕಡಾವಾರು ಹಿಡಿಯುವುದು ವಸ್ತುವಿನ ಬೆಲೆಗೆ ಮಾತ್ರವಲ್ಲ, ಗಿರಾಕಿಯಿಂದ ಪಡೆದ ಅಂಚೆ ಖರ್ಚಿನ ಮೇಲೂ. ಅಜ್ಜ ಅಂಚೆಗೆಂದು 12 ಡಾಲರ್ ಪಡೆದು 12ನ್ನೂ ಅಂಚೆಗೇ ಕೊಡುತ್ತಿದ್ದರು. ಆದರೂ ಆ 12ರ ಮೇಲೆ ಕಮಿಷನ್ ಹೋಗುತ್ತಿತ್ತು.

45ಕ್ಕೆ 12 ಕೂಡಿಸಿ 57. ಅದರ ಶೇಕಡಾ ಒಂಬತ್ತೂವರೆ, ಮೇಲೆ 45 ಸೆಂಟು, ಒಟ್ಟು 5 ಡಾಲರ್ 87 ಸೆಂಟು. ಸಾಮಾನು 11. ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್, ಟೇಪು 3. ಎಲ್ಲ ಕಳೆದರೆ 45ರಲ್ಲಿ ಉಳಿದದ್ದು 25 ಡಾಲರ್ 13 ಸೆಂಟು. 14 ಗಂಟೆಗೆ ಹಂಚಿದರೆ ಗಂಟೆಗೆ ಒಂದು ಡಾಲರ್ 80 ಸೆಂಟೂ ಇಲ್ಲ. ಆ ರಾಜ್ಯದಲ್ಲಿ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟು. ಇನ್ನು ಮೊಮ್ಮಗಳಿಗೆ ದಿನಸಿ ಅಂಗಡಿಯವರು ಕೊಡುವಷ್ಟೇ ಕೊಡೋಣ ಎಂದರೆ ನಾಲ್ಕು ಗಂಟೆಗೆ 44 ಡಾಲರ್. ಅಂದರೆ ಶೆಡ್ ಮಾರಿದಾಗಲೆಲ್ಲ ಅಜ್ಜ ತಮ್ಮ ಹತ್ತು ಗಂಟೆಯನ್ನೂ ಕೊಟ್ಟು, ಕಿಸೆಯಿಂದ ಸುಮಾರು 19 ಡಾಲರನ್ನೂ ಕೊಡಬೇಕು.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನನಗೆ ಪೆನ್ಷನ್ ಬರುತ್ತದೆ. ನಾನು ಇದನ್ನು ಸಂತೋಷಕ್ಕೆ ಮಾಡುವುದು" ಎಂದರು.

ಈ ಮಾತಿನ ಬಗ್ಗೆ ನನ್ನ ವಯಸ್ಸಿನ ಓದುಗರ ಹತ್ತಿರ ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕು. ನಮ್ಮಲ್ಲೂ ಇದು ಉಂಟು. ಪೆನ್ಷನ್ ಬರುವ ನಾವು ಹವ್ಯಾಸಕ್ಕೆಂದು ಹಪ್ಪಳವನ್ನೋ ಕಸೂತಿಯನ್ನೋ ಮಾಡಿ ಅಸಲಿಗೇ ಕೊಟ್ಟುಬಿಡುತ್ತೇವೆ, ಅದನ್ನು ದೊಡ್ಡತನ ಎಂದುಕೊಳ್ಳುತ್ತೇವೆ. ಅದೇ ಬೀದಿಯಲ್ಲಿ ಅದೇ ಹಪ್ಪಳ ಮಾರಿ ಮಕ್ಕಳ ಫೀಸು ಕಟ್ಟುವ ಹೆಂಗಸಿಗೆ ಗಿರಾಕಿಗಳು, "ಅಲ್ಲಿ ಅರ್ಧಕ್ಕೆ ಕೊಡ್ತಾರಲ್ಲ" ಎನ್ನುತ್ತಾರೆ. ನಮ್ಮ ಅನ್ನಕ್ಕೆ ಪೆನ್ಷನ್ ಇದೆ, ಆಕೆಯ ಅನ್ನಕ್ಕೆ ಇರುವುದು ಹಪ್ಪಳ ಮಾತ್ರ. ಸಂತೋಷಕ್ಕೆ ಮಾಡಿದ್ದನ್ನು ನೆಂಟರಿಗೆ, ಶಾಲೆಗೆ ಸುಮ್ಮನೆ ಕೊಡಿ, ಯಾರೂ ಬೇಡ ಎನ್ನುವುದಿಲ್ಲ. ಸಂತೆಯಲ್ಲಿ ಇಟ್ಟ ಮೇಲೆ ಸಂತೆಯ ಬೆಲೆ ಹಾಕಿ. ಅಜ್ಜನಿಗೆ ಇದನ್ನೇ ಇಷ್ಟು ಜೋರಾಗಿಯಲ್ಲದೆ ಹೇಳಿದೆ. ಅವರ ಅಗ್ಗದ ಬೆಲೆಯಿಂದ ಹೊಡೆತ ಬೀಳುತ್ತಿದ್ದದ್ದು ದೂರದ ಯಾರಿಗೋ ಅಲ್ಲ, ಎದುರಿಗೆ ಕಿಟಕಿಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಗೆ.

ಹಾಗಾದರೆ ನ್ಯಾಯವಾದ ಬೆಲೆ ಎಷ್ಟು? ಅವಳಿಗೆ ಗಂಟೆಗೆ 11, ಅಜ್ಜನಿಗೆ ಕನಿಷ್ಠ ಕೂಲಿ, ಸಾಮಾನು, ಪೆಟ್ಟಿಗೆ, ಕಮಿಷನ್ ಸೇರಿಸಿದರೆ 146 ಡಾಲರ್. ಅಜ್ಜ ನಕ್ಕೇಬಿಟ್ಟರು. ಯಾರು ಕೊಡುತ್ತಾರೆ?

ನಗುವ ಮಾತಲ್ಲ, ಅರ್ಧ ನಿಜ. ನಮಗೆಷ್ಟು ಬಿತ್ತು ಎಂಬುದು ಗಿರಾಕಿಯ ಚಿಂತೆಯಲ್ಲ. ಬಿ.ಕಾಂ.ನಲ್ಲಿ ನಮಗೆ ಕಾಸ್ಟಿಂಗ್ ಹೇಳಿಕೊಟ್ಟ ಮೇಷ್ಟ್ರು, ಅಸಲು ಎಂಬುದು ನೆಲ, ಅದರ ಕೆಳಗೆ ಇಳಿಯಬಾರದು ಅಷ್ಟೇ, ಮೇಲೆ ಎಷ್ಟು ಏರಬಹುದು ಎಂದು ಹೇಳುವುದು ಪೇಟೆ ಎನ್ನುತ್ತಿದ್ದರು. ಆನ್‌ಲೈನ್ ಪೇಟೆಯಲ್ಲಿ ಅದನ್ನು ತಿಳಿಯಲು ಒಂದು ಸೌಕರ್ಯ ಇದೆ. ಇಬೇ ಎಂಬ ತಾಣದಲ್ಲಿ ಮಾರಾಟವಾಗಿ ಮುಗಿದ ವಸ್ತುಗಳನ್ನು ಮಾತ್ರ ತೋರಿಸು ಎಂದು ಕೇಳಬಹುದು. ಮಾರಲು ಇಟ್ಟಿರುವ ಬೆಲೆಗಳನ್ನು ನೋಡಬೇಡಿ, ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಸೈಟು ಮಾರುವವರು ಹೇಳುವ ಬೆಲೆಗೂ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಲ್ಲುವ ಬೆಲೆಗೂ ಇರುವ ವ್ಯತ್ಯಾಸ ನಮಗೆ ಗೊತ್ತಿಲ್ಲವೇ! ಆ ಸಂಜೆ ಮೂವರೂ ಕೂತು ನೋಡಿದೆವು. ಕೈಯಲ್ಲೇ ಕಟ್ಟಿದ, ಅದೇ ಗಾತ್ರದ ಶೆಡ್ಡುಗಳು 60ರಿಂದ 110 ಡಾಲರಿನವರೆಗೆ ಹೋಗಿದ್ದವು. 45ಕ್ಕೆ ಹೋದದ್ದು ಕಾರ್ಖಾನೆಯ ಪ್ಲಾಸ್ಟಿಕ್ ಕಿಟ್ಟನ್ನು ಜೋಡಿಸಿದ್ದು.

ಕಾರ್ಖಾನೆಯವರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲು ಹೋಗಲೇಬಾರದು. ಮಿಲ್ವಾಕಿಯ ವಾಲ್ಥರ್ಸ್ ಕಂಪನಿ 1932ರಿಂದ ಇದೆ. ಜರ್ಮನಿಯ ಕಪ್ಪು ಕಾಡಿನ ಗ್ಯೂಟೆನ್‌ಬಾಖ್ ಎಂಬ ಹಳ್ಳಿಯಲ್ಲಿ ಫಾಲರ್ ಅಣ್ಣತಮ್ಮಂದಿರು 1946ರಲ್ಲಿ ಶುರುಮಾಡಿದ ಕಂಪನಿಯ ಮನೆಗಳು ಲೋಕವನ್ನೆಲ್ಲ ಸುತ್ತುತ್ತವೆ. ಒಂದು ಅಚ್ಚಿನಿಂದ ಸಾವಿರಾರು ಮನೆ ತೆಗೆಯುವವರಿಗೆ ಕೈಕೆಲಸದವನು ಸಾಟಿಯಲ್ಲ. ಕಿಟ್ಟನ್ನು ಜೋಡಿಸಿ, ಬಣ್ಣ ಹಚ್ಚಿ ಮಾರುವುದೂ ತಪ್ಪಲ್ಲ. ಆದರೆ ಕಿಟ್ಟಿನಿಂದ ಕಟ್ಟಿದ್ದು ಎಂದು ಬರೆಯಬೇಕು. ಹಲಗೆಯಿಂದ ನಾವೇ ಕೊಯ್ದು ಕಟ್ಟಿದ್ದಾದರೆ ಅದನ್ನೂ ಬರೆಯಬೇಕು, ಅರ್ಧ ಕಟ್ಟಿದ ಗೋಡೆಯ ಫೋಟೋ ಒಂದನ್ನು ಪಕ್ಕದಲ್ಲಿ ಹಾಕಬೇಕು. ಅಜ್ಜನ ಪಟ್ಟಿಯಲ್ಲಿ ಇದೊಂದೂ ಇರಲಿಲ್ಲ. 45 ಡಾಲರ್ ಎಂಬ ಬೆಲೆ ನೋಡಿದವರು ಪ್ಲಾಸ್ಟಿಕ್ ಎಂದೇ ತಿಳಿದು ಮುಂದೆ ಹೋಗುತ್ತಿದ್ದರೇನೋ.

ಹರಾಜಿನ ಬಗ್ಗೆ ಒಂದು ಮಾತು. ಇಬೇ ಹುಟ್ಟಿದ್ದೇ ಹರಾಜಿನ ಕಟ್ಟೆಯಾಗಿ, 1995ರಲ್ಲಿ. ಪಿಯರ್ ಒಮಿಡ್ಯಾರ್ ಎಂಬವರು ಅದನ್ನು ಆರಂಭಿಸಿ ಮಾರಿದ ಮೊದಲ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಕೆಟ್ಟದ್ದಕ್ಕೂ ಗಿರಾಕಿ ಸಿಗುತ್ತಾನೆ ಎಂದು ಜನ ಇದನ್ನು ಮೆಚ್ಚಿ ಹೇಳುತ್ತಾರೆ. ಆದರೆ ಹರಾಜಿಗೆ ಇಬ್ಬರಾದರೂ ಬೇಕು. ಅಜ್ಜ ಹಿಂದೊಮ್ಮೆ ಒಂದು ಡಾಲರಿನಿಂದ ಸವಾಲು ಶುರುಮಾಡಿ ಸ್ಟೇಷನ್ನೊಂದನ್ನು ಇಟ್ಟಿದ್ದರಂತೆ. ಆ ವಾರ ಪೈಪೋಟಿಗೆ ಹೆಚ್ಚು ಜನ ಬಾರದೆ 31 ಡಾಲರಿಗೆ ಹೋಯಿತು. ವಾರಗಟ್ಟಲೆ ಕೂತು ಮಾಡುವ ಒಂದೇ ಒಂದು ವಸ್ತುವಿಗೆ ನಿಗದಿ ಬೆಲೆಯೇ ಸರಿ ಎಂದು ನನ್ನ ಅಭಿಪ್ರಾಯ.

146 ಹೆಚ್ಚು, 45 ಕಡಿಮೆ. ಪೇಟೆ 110ರವರೆಗೆ ಕೊಡುತ್ತದೆ. ಉಳಿದ ದಾರಿ ಎಂದರೆ ಗಂಟೆ ಇಳಿಸುವುದು. ಇಲ್ಲಿ ಬಿ.ಕಾಂ. ಕೆಲಸಕ್ಕೆ ಬರಲಿಲ್ಲ, ನಮ್ಮಾಕೆಯ ಅಡುಗೆಮನೆ ಬಂತು. ಅಜ್ಜ ಒಂದು ಶೆಡ್ ಮುಗಿಸಿ, ಮೇಜು ಒರೆಸಿ, ಮತ್ತೆ ಇನ್ನೊಂದಕ್ಕೆ ಅಳತೆ ತೆಗೆಯುವುದನ್ನು ನೋಡಿ ಅವಳು, "ಒಂದು ಒಬ್ಬಟ್ಟಿಗೆ ಯಾರಾದರೂ ಕಣಕ ಕಲಸ್ತಾರಾ?" ಎಂದಳು. ಒಬ್ಬಟ್ಟು, ಕಣಕ ಎರಡನ್ನೂ ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಕಾಲು ಗಂಟೆ ಹಿಡಿಯಿತು. ಮೊಮ್ಮಗಳಿಗೆ ಮೊದಲು ಹೊಳೆಯಿತು. ಐದು ಶೆಡ್ಡುಗಳನ್ನು ಒಟ್ಟಿಗೆ ಶುರುಮಾಡಿದರು. ಹಲಗೆ ಕೊಯ್ಯಲು ಒಂದು ಚೌಕಟ್ಟು ಮಾಡಿಕೊಂಡು ಇಪ್ಪತ್ತು ಗೋಡೆಗಳನ್ನೂ ಒಂದೇ ಅಳತೆಗೆ ಕೊಯ್ದರು. ಕಿಟಕಿಗಳಿಗೆಲ್ಲ ಒಂದೇ ಸಲ ಬಣ್ಣ. ಗೋಂದು ಒಣಗುವವರೆಗೆ ಒಂದರ ಮುಂದೆ ಕೈಕಟ್ಟಿ ಕೂರುವ ಬದಲು ಇನ್ನೊಂದಕ್ಕೆ ಕೈಹಾಕಬಹುದಲ್ಲ. ಗೋಡೆಯ ಹಾಳೆ ಪ್ರಕಾರ ಒಂದೊಂದಕ್ಕೆ ಬಿದ್ದದ್ದು ಅಜ್ಜನ 5 ಗಂಟೆ, ಅವಳ 3 ಗಂಟೆ. ಆಮೇಲೆ ಒಂದರ ಬಾಗಿಲು ಕೆಂಪು, ಇನ್ನೊಂದರದು ಹಸಿರು, ಒಂದರ ಸೂರಿನಲ್ಲಿ ನಾಲ್ಕು ಹೆಂಚು ಕಿತ್ತುಹೋದ ಹಾಗೆ. ಐದೂ ಅಕ್ಕತಂಗಿಯರಂತೆ ಇದ್ದವು, ಅವಳಿಜವಳಿಯಂತೆ ಅಲ್ಲ.

ಹೊಸ ಲೆಕ್ಕಕ್ಕೆ ಬೆಲೆ 95 ಡಾಲರ್. ಅದರಲ್ಲಿ ಕಮಿಷನ್ನು, ಸಾಮಾನು, ಪೆಟ್ಟಿಗೆ ಕಳೆದು 70 ಡಾಲರಿನ ಮೇಲೆ ಚೂರು ಉಳಿಯುತ್ತದೆ. ಅವಳಿಗೆ 33 ಕೊಟ್ಟರೆ ಅಜ್ಜನಿಗೆ ಗಂಟೆಗೆ ಏಳೂವರೆ ಡಾಲರಿನ ಹತ್ತಿರ. ನಂಬಿಕೆಯಿಲ್ಲದವರು ಪೆನ್ಸಿಲ್ ತೆಗೆದುಕೊಂಡು ಕಳೆದು ನೋಡಿ. ಅಂಚೆಯ 12ರ ಮೇಲಿನ ಕಮಿಷನ್ ಮರೆಯಬೇಡಿ.

ಕಟ್ಟಿ ಬೆಲೆ ಹಾಕಿದರೆ ಆಗಲಿಲ್ಲ, ಮುರಿಯದೆ ತಲುಪಿಸಬೇಕು. ಹೊಗೆಗೂಡು ಮತ್ತು ಮೆಟ್ಟಿಲು ಮೊದಲು ಮುರಿಯುವ ಜಾಗ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಮೆತ್ತನೆಯದು, ಅಲುಗಿಸಿದರೆ ಸದ್ದು ಬರಬಾರದು. ಹಾಗೆಂದು ಪೆಟ್ಟಿಗೆ ದೊಡ್ಡದಾಗುತ್ತಾ ಹೋದರೆ ಇನ್ನೊಂದು ತೊಂದರೆ. ಅಮೆರಿಕದ ಅಂಚೆಯವರು ಒಂದು ಘನ ಅಡಿಗಿಂತ, ಅಂದರೆ 1728 ಘನ ಇಂಚಿಗಿಂತ ದೊಡ್ಡ ಪೆಟ್ಟಿಗೆಗೆ ಗಾತ್ರದಿಂದಲೂ ತೂಕ ಲೆಕ್ಕ ಹಾಕುತ್ತಾರೆ. ಘನ ಇಂಚನ್ನು 166ರಿಂದ ಭಾಗಿಸಿ ಬಂದಷ್ಟು ಪೌಂಡು. ಅಜ್ಜ ಒಂದು ನೀರಿನ ಟ್ಯಾಂಕನ್ನು 14, 14, 10 ಇಂಚಿನ ಪೆಟ್ಟಿಗೆಯಲ್ಲಿ ಕಳಿಸಿದ್ದರು. 1960 ಘನ ಇಂಚು. ಎರಡು ಪೌಂಡೂ ಇಲ್ಲದ ವಸ್ತುವಿಗೆ 12 ಪೌಂಡಿನ ದರ ತೆತ್ತರು. ಟ್ಯಾಂಕಿನ ಕಾಲುಗಳನ್ನು ಕಳಚುವಂತೆ ಮಾಡಿದರೆ ಸಣ್ಣ ಪೆಟ್ಟಿಗೆ ಸಾಕು ಎಂದು ಆಮೇಲೆ ಮೊಮ್ಮಗಳು ಕಂಡುಹಿಡಿದಳು.

ಮೊದಲ ತಿಂಗಳು ಒಂದೂ ಹೋಗಲಿಲ್ಲ. ಅಜ್ಜ ದಿನಾ ಬೆಳಿಗ್ಗೆ, "65ಕ್ಕೆ ಇಳಿಸಲಾ?" ಎನ್ನುವವರು. ಅವಳು ಬಿಡಲಿಲ್ಲ. ಫೋಟೋ ಬದಲಿಸಿದಳು. ಮೊದಲಿನ ಫೋಟೋಗಳಲ್ಲಿ ಶೆಡ್ಡನ್ನು ಮೇಲಿನಿಂದ, ಹದ್ದು ನೋಡಿದ ಹಾಗೆ ತೆಗೆದಿದ್ದರು. ಇವಳು ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಪ್ಲಾಟ್‌ಫಾರಂ ಮೇಲೆ ನಿಂತ 21 ಮಿಲಿಮೀಟರಿನ ಮನುಷ್ಯನ ಕಣ್ಣಿನಿಂದ ತೆಗೆದಳು, ಬೆಳಗಿನ ಓರೆಬಿಸಿಲಿನಲ್ಲಿ. ಇನ್ನೊಂದರಲ್ಲಿ ಪಕ್ಕಕ್ಕೆ ಒಂದು ನಾಣ್ಯ, ಗಾತ್ರ ತಿಳಿಯಲು. ಆರನೇ ವಾರ ಒಂದು ಹೋಯಿತು. ಎಂಟನೇ ವಾರ ಎರಡು. ಉಳಿದೆರಡು ನಾವು ಹೊರಡುವಾಗಲೂ ಕಪಾಟಿನಲ್ಲೇ ಇದ್ದವು. ಇದೇನು ಚಿನ್ನದ ಗಣಿಯಲ್ಲ ಎಂಬುದೂ ತಿಳಿದಿರಲಿ.

ಆ ಶೆಡ್ ಕೊಂಡವರಲ್ಲಿ ಒಬ್ಬರು ಓಹಾಯೊ ರಾಜ್ಯದಿಂದ ಒಂದು ಹಳೆಯ ಫೋಟೋ ಕಳಿಸಿದರು. ಅವರ ತಂದೆ ರೈಲುಹಳಿಯ ಪಕ್ಕದಲ್ಲಿ ದನಗಳ ಮೇವು, ಹಿಂಡಿ ಮಾರುವ ಅಂಗಡಿ ಇಟ್ಟಿದ್ದರಂತೆ. ಕಟ್ಟಡ ಈಗಿಲ್ಲ. ಇದನ್ನು ಕಟ್ಟಿಕೊಡುತ್ತೀರಾ ಎಂದು ಕೇಳಿದರು. ಅಳತೆ ಒಂದೂ ಇಲ್ಲ. ಅಜ್ಜ ಹೇಗೆ ಮಾಡಿದರು ಗೊತ್ತೇ? ಫೋಟೋದಲ್ಲಿ ಬಾಗಿಲನ್ನು ಹುಡುಕಿದರು. ಬಾಗಿಲು ಎಲ್ಲಿದ್ದರೂ ಸುಮಾರು 7 ಅಡಿ ತಾನೆ. ಫೋಟೋದಲ್ಲಿ ಬಾಗಿಲು 12 ಮಿಲಿಮೀಟರ್, ಅದೇ ಗೋಡೆ 60 ಮಿಲಿಮೀಟರ್ ಉದ್ದ. ಹಾಗಾದರೆ ಗೋಡೆ ಐದು ಬಾಗಿಲಿನಷ್ಟು, 35 ಅಡಿ. ಎಚ್‌ಒ ಅಳತೆಯಲ್ಲಿ 122.5 ಮಿಲಿಮೀಟರ್. ನಿಮ್ಮ ಅಜ್ಜಿ ಹುಟ್ಟಿದ ಮನೆಯ ಫೋಟೋ ಇದ್ದರೆ ನೀವೂ ಹೀಗೆ ಅಳೆಯಬಹುದು. ಗೋಡೆಯನ್ನು ನೇರ ಎದುರಿನಿಂದ ತೆಗೆದ ಫೋಟೋ ಆಗಿರಬೇಕು ಅಷ್ಟೇ.

ಅದಕ್ಕೆ ಅಜ್ಜ ಹೇಳಿದ ಬೆಲೆ 240 ಡಾಲರ್, ಅರ್ಧ ಮುಂಗಡ. ಚೌಕಾಸಿಯ ಮಾತೇ ಬರಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಆ ತಂದೆಯ ಹೆಸರನ್ನು ಮೊಮ್ಮಗಳು ಬರೆದಳು. ಅಕ್ಷರ ಒಂದೂವರೆ ಮಿಲಿಮೀಟರ್ ಎತ್ತರ, ಎರಡು ಸಂಜೆಯ ಕೆಲಸ. ಆ ಎರಡು ಸಂಜೆ ಅವಳು ದಿನಸಿ ಅಂಗಡಿಗೆ ಹೋಗಲಿಲ್ಲ.

ಪತ್ರ ಬರೆದ ಪುಟ್ಟಿಗೆ ಮತ್ತು ಅವಳ ಮನೆಯವರಿಗೆ ಕೆಲವು ಮಾತು. ಎಷ್ಟು ಸಂಜೆ ಕೂತೆ ಎಂದು ನೆನಪು ಮಾಡಿಕೊಂಡು ಮೊದಲು ಬರೆದಿಡು. ಮುಂದಿನದಕ್ಕೆ ಗಡಿಯಾರ ನೋಡಿ ಬರೆ. ಆಮೇಲೆ ಬೆಲೆ ಹೇಳು. 18 ತುಂಬದವರು ಈ ಆನ್‌ಲೈನ್ ಸಂತೆಗಳಲ್ಲಿ ಸ್ವಂತವಾಗಿ ಖಾತೆ ತೆರೆಯುವಂತಿಲ್ಲ. ಅಪ್ಪನದೋ ಅಮ್ಮನದೋ ಖಾತೆ ಇರಬೇಕು, ಗಿರಾಕಿಗಳ ಜೊತೆ ಮಾತೂ ಅವರದೇ ಇರಬೇಕು. ಆ ಹುಡುಗಿಯ ಅಂಗಡಿಯೂ ಅಜ್ಜನ ಹೆಸರಿನಲ್ಲೇ ಇತ್ತು. ಮಾರಿದ ಹಣವನ್ನು ಮನೆಖರ್ಚಿನ ಖಾತೆಗೆ ಬೆರೆಸದೆ ಬೇರೆ ಉಳಿತಾಯ ಖಾತೆಗೆ ಹಾಕಿ. ನಿವೃತ್ತನಾದರೂ ಬ್ಯಾಂಕಿನವನು, ಇದನ್ನು ಹೇಳದೆ ಇರಲಾರೆ.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ರಜೆಗೆ ಬಂದಾಗ ಕಿಟಕಿ, ಬೋರ್ಡುಗಳನ್ನೆಲ್ಲ ಒಟ್ಟಿಗೆ ಮಾಡಿಟ್ಟು ಹೋಗುತ್ತಾಳಂತೆ. ಕಳೆದ ತಿಂಗಳು ಮಗಳ ಮೂಲಕ ಗೋಡೆಯ ಹಾಳೆಯ ಫೋಟೋ ಕಳಿಸಿದ್ದಳು. ಅಜ್ಜನ ಕೈಬರಹದಲ್ಲಿ ಒಂದು ಸಾಲು: ಮುಗಿದ ಶೆಡ್ಡನ್ನು ನೋಡುತ್ತಾ ಕೂತದ್ದು, ಒಂದು ಗಂಟೆ. ಅದಕ್ಕೂ ಕೂಲಿ ಹಿಡಿಯಬಹುದೇ ಎಂದು ಪಕ್ಕದಲ್ಲಿ ನನಗೆ ಪ್ರಶ್ನೆ. ಕೆಳಗೆ ಅವಳೇ ಕೆಂಪು ಶಾಯಿಯಲ್ಲಿ ಉತ್ತರ ಬರೆದುಬಿಟ್ಟಿದ್ದಾಳೆ: ಅರ್ಧ ಗಂಟೆ ಮಂಜೂರು.